ಸೂಜಿ ಮೀಟರುಗಳನ್ನು ಬಿಚ್ಚಿದ ದಿನ

ದೇವನಹಳ್ಳಿಯ ಒಂದು ಹ್ಯಾಂಗರಿನಲ್ಲಿ ಅಪ್ಪ ಸಣ್ಣ ವಿಮಾನಗಳ ಸೂಜಿ ಮೀಟರುಗಳನ್ನು ರಿಪೇರಿ ಮಾಡುತ್ತಿದ್ದರು. ನಾನೂ ಅಲ್ಲೇ ಟೆಕ್ನಿಷಿಯನ್ ಆಗಿ ಸೇರಿದೆ. ಆ ಮೀಟರುಗಳನ್ನೆಲ್ಲ ತೆಗೆದು, ಎಂಜಿನ್ನಿನ ಶಾಖ, ಎಣ್ಣೆಯ ಒತ್ತಡ ಎಲ್ಲವನ್ನೂ ತೋರಿಸುವ ಒಂದೇ ಪರದೆ ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಮೀಟರುಗಳನ್ನು ಅಪ್ಪನೇ ಬಿಚ್ಚಿ, ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿಟ್ಟರು.

ಪರದೆ ಕೂರಿಸಿದ ಮೇಲೆ ಪರೀಕ್ಷೆಗೆಂದು ನಾನು ಎಂಜಿನ್ ಶುರು ಮಾಡಿದಾಗ ಪಕ್ಕದ ಸೀಟಿನಲ್ಲಿದ್ದ ಅಪ್ಪ ಪರದೆಯತ್ತ ಬಗ್ಗಿ, "ಶಾಖ ಎಷ್ಟು ತೋರಿಸ್ತಾ ಐತವ್ವಾ? ನಂಗೆ ಅಂಕಿ ಕಾಣಲ್ಲ ಕಣೆ" ಅಂದರು.

ಹಿಂದಿನ ಸೀಟಿನಲ್ಲಿ ನಮ್ಮ ಸಾಹೇಬರಿದ್ದರು. ನನಗೆ ನಾಚಿಕೆಯಾಯಿತು.

"ಅಪ್ಪಾ, ನಿಂಗಿದೆಲ್ಲ ಗೊತ್ತಾಗಲ್ಲ, ಸುಮ್ನೆ ಕೂತ್ಕೊ" ಅಂದುಬಿಟ್ಟೆ.

ಎಂಜಿನ್ ನಿಂತ ಮೇಲೆ ಅವರು ಕೆಳಗಿಳಿದು, ಒಬ್ಬರೇ ಹತ್ತಿರದ ನಮ್ಮೂರು ವಿಜಯಪುರದ ಬಸ್ಸು ಹತ್ತಿದರು. ಮಾರನೆಯ ದಿನದಿಂದ ಕೆಲಸಕ್ಕೆ ಬರಲಿಲ್ಲ. ಮನೆಯಲ್ಲಿ ಆ ಮಾತನ್ನೇ ಎತ್ತಲಿಲ್ಲ. ತಪ್ಪಾಯಿತು ಎನ್ನಲು ನನಗೂ ಬಾಯಿ ಬರಲಿಲ್ಲ. ಆ ವರ್ಷವೇ ಅಪ್ಪ ತೀರಿಕೊಂಡರು.