ಬಸುವಿನ ಮಣ್ಣಿಗೆ ಡ್ರಮ್

ಗೆಳೆಯರೇ, ಇವತ್ತು ಮೇಡ್ಲೇರಿಯಲ್ಲಿ ತೀರಿಹೋದ ನಮ್ಮ ಬಸುವಿನ ಮಣ್ಣಾಯಿತು. ತೊಂಬತ್ತರ ದಶಕದಲ್ಲಿ ರಾಣೆಬೆನ್ನೂರಿನ ನಮ್ಮ ರಾಕ್ ಬ್ಯಾಂಡಿಗೆ ಅವನು ಹಾಡುಗಾರ, ಡ್ರಮ್ಮಿಗೆ ನಾನು. ಎಲ್ಲರಿಗೂ ಕರಿ ಅಂಗಿ. ಹಾಡುಗಳೆಲ್ಲ ಸಾವು, ಸ್ಮಶಾನದವೇ. ಇವತ್ತೂ ಡ್ರಮ್ ಕೊರಳಿಗೆ ಹಾಕಿಕೊಂಡೇ ಹೋದೆ. ಬಸುವಿನ ಕಾಕಾ ಅಡ್ಡ ಬಂದರು.

"ಭಜನಿಯವರು ಅದಾರ. ಇದೇನ್ರಿ ಡಬಡಬ, ತಗೀರಿ!"

ಬಸುವಿನ ಹೆಂಡತಿ ಕಣ್ಣೊರೆಸಿಕೊಂಡು ಅಂದಳು: "ಬಾರಿಸ್ಲಿ ಬಿಡ್ರಿ ಮಾವಾರ. ಜಲ್ಮೆಲ್ಲಾ ಸಾವಿನ ಹಾಡು ಹಾಡ್ಯಾರ, ಇವತ್ತ ಬ್ಯಾಡಂದ್ರ ಹೆಂಗ್ರಿ?"

ಬಾರಿಸಿದೆ. ಮೂರು ತಾಲ್ಲೂಕಿನಲ್ಲಿ ನನ್ನಂಥ ಕೈ ಇನ್ನೊಂದಿಲ್ಲ, ಆದರೂ ಊರ ಅಗಸಿಬಾಗಿಲು ದಾಟುವಷ್ಟರಲ್ಲಿ ಎರಡು ಸಲ ತಾಳ ತಪ್ಪಿದೆ. ಮೊದಲಾದರೆ ಬಸು ಹಾಡುತ್ತಲೇ ಹಿಂದೆ ತಿರುಗಿ ಕಣ್ಣು ಕೆಂಪು ಮಾಡುತ್ತಿದ್ದ. ಇವತ್ತು ಊರವರೆಲ್ಲ "ಭಾರೀ ಬಾರಿಸಿದ್ರಿ" ಅಂದರು. ತಪ್ಪು ಗೊತ್ತಾಗುವ ಒಬ್ಬನೇ ಒಬ್ಬ ನಾಲ್ವರ ಹೆಗಲ ಮೇಲೆ ಸುಮ್ಮನಿದ್ದ.