ಹೋಗಬೇಕಾಗಿದ್ದವಳು ನಾನು

ತಂಗಿ ಸತ್ತಾಗ ಅವಳಿಗೆ ಹದಿಮೂರು ವರ್ಷ, ನನಗೆ ಹದಿನಾರು ನಡೆಯುತ್ತಿತ್ತು. ಜಡಿಗೇನಹಳ್ಳಿ ಹೋಬಳಿಯ ನಮ್ಮ ಊರಿನಲ್ಲಿ ಆಗ ಅನುಕೂಲವಿದ್ದವರೆಲ್ಲ ಹೊಲದಲ್ಲಿ ಕೃಷಿ ಹೊಂಡ ತೋಡಿಸುತ್ತಿದ್ದರು. ನಮ್ಮದೂ ಒಂದಿತ್ತು. ನೀರು ಇಂಗಿಹೋಗದ ಹಾಗೆ ತಳದಿಂದ ದಂಡೆಯವರೆಗೆ ದಪ್ಪನೆಯ ಕಪ್ಪು ಪ್ಲಾಸ್ಟಿಕ್ ಹಾಸಿದ್ದರು. ಅದರ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲವರಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಸುತ್ತ ಬೇಲಿ ಹಾಕಿಸುತ್ತೇನೆಂದು ಅಪ್ಪ ಹೇಳುತ್ತಲೇ ಇದ್ದರು.

ಅವತ್ತು ಭಾನುವಾರ. ಅಮ್ಮ ಊರಾಚೆಯ ಇನ್ನೊಂದು ಹೊಲದಲ್ಲಿ ಟೊಮೆಟೊ ಗಿಡಗಳಿಗೆ ದಾರ ಕಟ್ಟಿಸುತ್ತಿದ್ದಳು. ಅಲ್ಲಿಂದ ನನಗೆ ಫೋನ್ ಮಾಡಿ, ಹೊಂಡದ ಮೋಟರ್ ಓಡುತ್ತಲೇ ಇದೆ, ಹೋಗಿ ಆಫ್ ಮಾಡಿ ಬಾ ಅಂದಳು. ಹ್ಞೂಂ ಅಂದೆ. ಗೆಳತಿಯೊಬ್ಬಳ ಜೊತೆ ಮೆಸೇಜಿನಲ್ಲಿ ಜಗಳ ನಡೆಯುತ್ತಿತ್ತು, ಏಳುವ ಮನಸ್ಸಿರಲಿಲ್ಲ. ತಂಗಿಗೆ ಹೇಳಿದೆ. ಅವಳು ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು, ಆಗಲ್ಲ ಅಂದಳು. ಗಣಿತದ ಟೆಸ್ಟಿನಲ್ಲಿ ಫೇಲಾಗಿದ್ದನ್ನು ಅಪ್ಪನಿಗೆ ಹೇಳುತ್ತೇನೆ ಎಂದು ಹೆದರಿಸಿದೆ. ನನ್ನನ್ನು ಬೈದುಕೊಂಡೇ ಎದ್ದಳು. ಹೋಗುವಾಗ ನಾಲ್ಕು ಮನೆ ಆಚೆಗಿದ್ದ ತನ್ನ ಗೆಳತಿಯನ್ನೂ ಜೊತೆಗೆ ಕರೆದುಕೊಂಡಳು. ಇಬ್ಬರೂ ಎಂಟನೇ ಕ್ಲಾಸು.

ಮೋಟರ್ ಆಫ್ ಮಾಡಿ, ಕೆಸರಾದ ಕಾಲು ತೊಳೆಯಲು ತಂಗಿ ದಂಡೆಯಿಂದ ಎರಡು ಹೆಜ್ಜೆ ಇಳಿದಳು, ಜಾರಿದಳು. ಗೆಳತಿ ಓಡಿದಳು. ಯಾರನ್ನೂ ಕೂಗದೆ ನೇರ ತನ್ನ ಮನೆಗೆ ಹೋಗಿ ಮಂಚದ ಕೆಳಗೆ ಸೇರಿಕೊಂಡಳು. ಊಟದ ಹೊತ್ತಿಗೆ ಬಂದ ಅಮ್ಮ ಚಿಕ್ಕವಳೆಲ್ಲಿ ಎಂದು ಕೇಳಿದ ಮೇಲೆಯೇ ಹುಡುಕಾಟ ಶುರುವಾಗಿದ್ದು. ಆ ಹುಡುಗಿ ಮೊದಲು ಗೊತ್ತಿಲ್ಲ ಅಂದಳು. ಅವಳಮ್ಮ ಎರಡೇಟು ಬಿಟ್ಟ ಮೇಲೆ ಹೊಂಡದ ಕಡೆ ಕೈ ತೋರಿಸಿದಳು.

ತಂಗಿಯನ್ನು ಮೇಲೆತ್ತಿ ದಂಡೆಯ ಮೇಲೆ ಮಲಗಿಸಿದಾಗ ಅಮ್ಮ ತಿರುಗಿದ್ದು ನನ್ನ ಕಡೆಗೆ.

"ನಿಂಗಲ್ವೇನೇ ನಾನು ಹೇಳಿದ್ದು?"

"ನಾನೇ ಹೊರಟಿದ್ದೆ ಅಮ್ಮ. ನೀನು ಓದ್ಕೊ ಅಕ್ಕ, ನಾನ್ ಹೋಗ್ತೀನಿ ಅಂತ ಅವಳೇ ಓಡಿದ್ಲು."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಭಯವಾಯಿತು. ಅಮ್ಮ ಅದನ್ನೇ ಹಿಡಿದುಕೊಂಡಳು. ಅಳಲು ಬಂದ ನೆಂಟರಿಗೆಲ್ಲ, ಅಕ್ಕ ಓದಲಿ ಅಂತ ತಾನು ಹೋದಳಂತೆ, ಅಂಥ ಮಗು ನನ್ನದು ಎಂದು ಹೇಳಿ ಎದೆ ಬಡಿದುಕೊಂಡಳು. ನನ್ನ ತಂಗಿ ಮೊಂಡಿ. ಹೇಳಿದ ಮಾತು ಒಂದೇ ಸಲಕ್ಕೆ ಕೇಳಿದವಳಲ್ಲ, ನನ್ನ ಚೂಡಿದಾರ್ ಕದ್ದು ಹಾಕಿಕೊಂಡು ಅದರ ಮೇಲೆ ಸಾರು ಚೆಲ್ಲಿಕೊಂಡು ಬರುತ್ತಿದ್ದಳು. ಮೂರನೇ ದಿನ ಗುಂಡಿಗೆ ಹಾಲುತುಪ್ಪ ಬಿಡುವ ಹೊತ್ತಿಗೆ ಊರಿನವರ ಬಾಯಲ್ಲಿ ಅವಳು ದೇವತೆಯಾಗಿದ್ದಳು. ಓಡಿಹೋದ ಹುಡುಗಿ ರಾಕ್ಷಸಿಯಾಗಿದ್ದಳು. ಅವರ ಮನೆಯವರಿಗೆ ತಿಥಿಗೆ ಹೇಳಿಕಳಿಸಲಿಲ್ಲ.

ಮತ್ತೆ ಸ್ಕೂಲಿಗೆ ಹೋದೆ. ಹತ್ತನೇ ಕ್ಲಾಸಿನವಳು, ಅದರ ಮೇಲೆ ತಂಗಿಯನ್ನು ಕಳೆದುಕೊಂಡವಳು ಎಂಬ ಕಾರಣಕ್ಕೆ ನಾನು ಹೇಳಿದಂತೆ ಎಲ್ಲರೂ ಕೇಳುತ್ತಿದ್ದರು. ಬಿಸಿಯೂಟದ ಸಾಲಿನಲ್ಲಿ ಆ ಹುಡುಗಿಯ ಪಕ್ಕ ಯಾರೂ ಕೂರಬಾರದು ಅಂದೆ, ಯಾರೂ ಕೂರಲಿಲ್ಲ. ಅವಳ ಜೊತೆ ಹೋದವರು ವಾಪಸ್ ಬರಲ್ಲ ಎಂದು ಚಿಕ್ಕ ಮಕ್ಕಳಿಗೆ ಹೇಳಿಕೊಟ್ಟೆ. ಅವು ಅದನ್ನೇ ರಾಗವಾಗಿ ಹೇಳಿಕೊಂಡು ಅವಳ ಹಿಂದೆ ಹೋಗುತ್ತಿದ್ದವು. ಟೀಚರಿಗೆ ಕೇಳಿಸುತ್ತಿತ್ತು, ಆದರೂ ಸುಮ್ಮನಿದ್ದರು. ಅವಳು ಒಮ್ಮೆಯೂ ಎದುರಾಡಲಿಲ್ಲ. ಎದುರಾಡಿದ್ದರೆ ಬಿಟ್ಟುಬಿಡುತ್ತಿದ್ದೆನೇನೋ, ಗೊತ್ತಿಲ್ಲ.

ಒಂದು ಸಂಜೆ ಸ್ಕೂಲು ಬಿಟ್ಟ ಮೇಲೆ ಅವಳನ್ನು ಹೊಂಡದ ಹತ್ತಿರ ಕರೆದುಕೊಂಡು ಹೋದೆ. ಸುಮ್ಮನೆ ಹಿಂದೆ ಬಂದಳು. ಎಲ್ಲಿ ಜಾರಿದಳು ತೋರಿಸು ಅಂದೆ, ತೋರಿಸಿದಳು. ಏನಂತ ಕೂಗಿದಳು ಎಂದು ಕೇಳಿದೆ.

"ಅಕ್ಕಾ ಅಂತ," ಅಂದಳು.

ಅವಳ ಕೆನ್ನೆಗೆ ಹೊಡೆದೆ. ನೀನೂ ಇಳಿ ಅಂದೆ. ಅವಳು ನನ್ನ ಮುಖ ನೋಡಿದಳು, ಬ್ಯಾಗನ್ನು ದಂಡೆಯ ಮೇಲಿಟ್ಟಳು, ಚಪ್ಪಲಿ ಬಿಟ್ಟಳು, ಕೂತುಕೊಂಡು ಮೆಲ್ಲಗೆ ಪ್ಲಾಸ್ಟಿಕ್ಕಿನ ಮೇಲೆ ಕಾಲು ಚಾಚಿದಳು. ಬೇಡ ಎಂದು ನಾನು ಹೇಳಲಿಲ್ಲ. ಇದನ್ನು ಬರೆಯುವಾಗ ಕೊನೇ ಗಳಿಗೆಯಲ್ಲಿ ಕೈ ಹಿಡಿದುಕೊಂಡೆ ಎಂದು ಸೇರಿಸಿಬಿಡುವ ಆಸೆಯಾಗುತ್ತದೆ. ಪಕ್ಕದ ಹೊಲದಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ಕಿರುಚಿಕೊಂಡು ಓಡಿ ಬಂದು ಅವಳ ಜಡೆ ಹಿಡಿದು ಮೇಲಕ್ಕೆ ಎಳೆದಳು. ಅಷ್ಟರಲ್ಲಿ ಅವಳ ಲಂಗ ಮೊಣಕಾಲವರೆಗೆ ನೆನೆದಿತ್ತು. ಆ ಹೆಂಗಸು ಬೈದದ್ದೂ ಅವಳನ್ನೇ, ಸಾಯೋಕೆ ನಿಂಗೆ ಬೇರೆ ಜಾಗ ಸಿಗಲಿಲ್ಲವಾ ಅಂತ. ನಾನು ಬಾಯಿ ಬಿಡಲಿಲ್ಲ. ಮುಂದಿನ ವಾರ ಅವಳನ್ನು ಮಾಲೂರಿನ ಕಡೆ ಅಜ್ಜಿಯ ಮನೆಗೆ ಕಳಿಸಿದರು.

ಏಳು ವರ್ಷದ ಮೇಲೆ ಹೊಸಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಮತ್ತೆ ಸಿಕ್ಕಳು. ನಾನು ಆಗ ಅಲ್ಲೇ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಅವಳ ಕೊರಳಲ್ಲಿ ಯಾವುದೋ ಗೋಡೌನಿನ ಕಾರ್ಡು ನೇತಾಡುತ್ತಿತ್ತು. ಪ್ಯಾಕಿಂಗ್ ಕೆಲಸವಂತೆ, ಎಂಟನೇ ಕ್ಲಾಸಿಗೇ ಓದು ನಿಂತಿತಂತೆ. ಮೊದಲು ನನ್ನನ್ನು ನೀನು ಅನ್ನುತ್ತಿದ್ದವಳು ಈಗ ನೀವು ಅಂದಳು. ಅಮ್ಮ ಹೇಗಿದ್ದಾರೆ ಎಂದು ವಿಚಾರಿಸಿದಳು. ನಾನು ಹಳೆಯದನ್ನು ತೆಗೆದೆ, ಆಗ ತಪ್ಪು ಮಾಡಿದೆ ಅಂದೆ.

"ಮೋಟ್ರು ಆಫ್ ಮಾಡೋಕೆ ನಿಮ್ಗೆ ಹೇಳಿದ್ರು ಅಂತ ಅವಳು ದಾರೀಲೇ ಹೇಳಿದ್ಲು," ಅಂದಳು. "ಹೆದರಿಸಿ ಕಳಿಸಿದ್ಲು ನಮ್ಮಕ್ಕ ಅಂತ ಬೈಕೊಂಡೇ ಬಂದ್ಲು."

ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ.

"ಓಡ್ಹೋದವಳ ಮಾತು ಯಾರು ನಂಬ್ತಿದ್ರು ಅಕ್ಕ?"

ಅವಳ ಬಸ್ಸು ಬಂತು. ಸೀಟು ಹಿಡಿಯಲು ಓಡಿದಳು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅವಳೇ ಓಡಿದ್ಲು," ಅಂದಳು. "ನಾನೇ ನೋಡ್ದೆ."

ನೀನು ಆಗ ಟೊಮೆಟೊ ಹೊಲದಲ್ಲಿದ್ದೆ ಎಂದು ನೆನಪಿಸಿದೆ.

"ನಾನೇ ನೋಡ್ದೆ ಅಂದ್ನಲ್ಲ. ಇನ್ನೊಂದ್ಸಲ ಬೇರೆ ಥರ ಹೇಳ್ಬೇಡ. ನಿನ್ನ ಮುಖ ನೋಡ್ಕೊಂಡು ನಾನು ಬದುಕ್ಬೇಕು."

ಮಾರನೆಯ ದಿನ ಆ ಹುಡುಗಿಯ ಮನೆಗೆ ಹೋದೆ. ಅವಳಮ್ಮ ಡೈರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದಳು. ನಮ್ಮ ಮನೆಯವರು ಅವರ ಹೊಸಿಲು ತುಳಿದು ಏಳು ವರ್ಷವಾಗಿತ್ತು. ನಿಂತುಕೊಂಡೇ ಹೇಳಿದೆ. ಕೊನೆಯವರೆಗೂ ಕೇಳಿ, ಇದು ನನ್ನ ಮಗಳಿಗೆ ಗೊತ್ತಿತ್ತಾ ಎಂದು ಕೇಳಿದಳು. ಮೊದಲಿಂದ ಗೊತ್ತಿತ್ತು ಅಂದೆ. ಅವಳು ಕಲ್ಲಿನ ಮೇಲೆ ಕೂತುಬಿಟ್ಟಳು.

"ಬಾಯಿ ಬಿಡು ಅಂತ ದಿನಾ ಹೊಡ್ದಿದೀನಿ ಕಣವ್ವ. ಬೇರೇವ್ರ ಮಗೀನ ಸಾಯಿಸಿ ಬಂದೆ ಅಂತ ಬರೆ ಹಾಕಿದೀನಿ. ನಿನ್ನ ಮನಸ್ಸು ಹಗುರ ಆಯ್ತು, ಹೋಗ್ತೀಯ. ನಾನೇನ್ ಮಾಡ್ಲಿ ಇದ್ನ?"

ಗಂಡ ಬರುವ ಹೊತ್ತಾಯಿತು, ಅವನಿಗೆ ಗೊತ್ತಾಗುವುದು ಬೇಡ, ಹೊರಡು ಅಂದಳು. ಹೊರಟೆ. ಅವಳು ಮಗಳಿಗೆ ಫೋನ್ ಮಾಡಿದಳೋ ಇಲ್ಲವೋ ನಾನು ಕೇಳಲಿಲ್ಲ. ಆ ಹುಡುಗಿ ಈವರೆಗೂ ಊರಿಗೆ ಬಂದಿಲ್ಲ.