ಚಿಪ್ಪು ಕುಟ್ಟುವ ಭಾನುವಾರ

ಭಾನುವಾರ ಬೆಳಿಗ್ಗೆ ಎಂಟರ ಸುಮಾರಿಗೆ ನಮ್ಮ ಮನೆಯಿಂದ ಕುಟ್ಟಾಣಿಯ ಸದ್ದು ಹೊರಡುತ್ತದೆ. ಕೋಲಾರದ ನಮ್ಮ ಬೀದಿ ಎಷ್ಟು ಕಿರಿದೆಂದರೆ ಒಬ್ಬರ ಮನೆಯ ಒಗ್ಗರಣೆಗೆ ಎದುರು ಮನೆಯವರು ಸೀನುತ್ತಾರೆ; ಇಂಥಲ್ಲಿ ಕಬ್ಬಿಣದ ಕುಟ್ಟಾಣಿಯ ಟಣಟಣ ಗುಟ್ಟಾಗಿ ಉಳಿಯುವುದು ಅಸಾಧ್ಯ. ಆ ಮನೆಯಲ್ಲಿ ಭಾನುವಾರವೆಂದರೆ ಮೆಣಸಿನ ಸಾರು ಎಂದು ಬೀದಿ ತೀರ್ಮಾನಿಸಿದೆ. ಸಾಕ್ಷ್ಯವನ್ನು ಆಧರಿಸಿದ ತೀರ್ಮಾನವೇ, ಆದರೆ ತಪ್ಪು. ಕುಟ್ಟಾಣಿಯಲ್ಲಿರುವುದು ಕೋಳಿಮೊಟ್ಟೆಯ ಚಿಪ್ಪು. ಕುಟ್ಟುತ್ತಿರುವವನು ಹುಟ್ಟಿದಂದಿನಿಂದ ಮೊಟ್ಟೆಯ ರುಚಿ ತಿಳಿಯದ ನಾನು.

ಇದು ಹೇಗಾಯಿತೆಂದು ಹೇಳಬೇಕಾದರೆ ನನ್ನ ಒಂದು ದುರಭ್ಯಾಸದಿಂದಲೇ ಆರಂಭಿಸಬೇಕು. ಮೂವತ್ತು ವರ್ಷ ಜಿಲ್ಲಾ ವರದಿಗಾರನಾಗಿದ್ದವನು ನಾನು. ಮಾಲೂರಿನಲ್ಲಿ ಮಳೆ ಬಂತೆಂದು ಒಬ್ಬರು ಹೇಳಿದರೆ ಇನ್ನೊಬ್ಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡೇ ಬರೆದವನು. ಸ್ವಂತ ಸೋದರಮಾವ ತೀರಿಕೊಂಡ ಸುದ್ದಿ ಬಂದಾಗಲೂ ಮೊದಲು ಸಮಯ ಕೇಳಿ, ಆಮೇಲೆ ಅತ್ತವನು. ನೌಕರಿಯಿಂದ ನಿವೃತ್ತಿ ಸಿಗುತ್ತದೆ, ತಿದ್ದುವ ಚಟಕ್ಕೆ ಸಿಗುವುದಿಲ್ಲ. ಪತ್ರಿಕೆಯಲ್ಲಿ ಇದನ್ನು ಶಿಸ್ತು ಎನ್ನುತ್ತಿದ್ದರು. ಮನೆಯಲ್ಲಿ ಇದಕ್ಕೆ ಬೇರೆ ಹೆಸರುಗಳಿವೆ.

ಹಕ್ಕಿಗಳು ನನ್ನವಲ್ಲ, ಹೆಂಡತಿ ವನಜಾಳವು. ಮಹಡಿಯ ಮೇಲೆ ಹಪ್ಪಳ ಸಂಡಿಗೆ ಒಣಗಿಸಲು ಜಾಲರಿ ಹೊಡೆಸಿದ ಒಂದು ಕೋಣೆಯಿತ್ತು. ಕಾಗೆಗಳು ಒಳಗೆ ಬಾರದಿರಲೆಂದು ಹಾಕಿಸಿದ ಜಾಲರಿ, ಈಗ ಎಂಟು ಫಿಂಚ್ ಹಕ್ಕಿಗಳು ಹೊರಗೆ ಹೋಗದಿರಲೆಂದು ಕೆಲಸ ಮಾಡುತ್ತಿದೆ. ಹೆಬ್ಬೆರಳಿನಷ್ಟು ದೇಹ, ಕಿತ್ತಳೆ ಕೊಕ್ಕು, ಮಕ್ಕಳ ರಬ್ಬರ್ ಗೊಂಬೆಯನ್ನು ಒತ್ತಿದಂಥ ದನಿ. ನಮ್ಮ ಅಜ್ಜಿಯರು ಉಂಡು ನಾವು ಬಿಟ್ಟುಬಿಟ್ಟ ನವಣೆಯನ್ನು ಅವು ಈಗಲೂ ನಿಷ್ಠೆಯಿಂದ ತಿನ್ನುತ್ತವೆ. ಮೊದಲ ದಿನವೇ ಅಂಗಡಿಯವನು ಒಂದು ಬಿಳಿಯ, ಹಗುರವಾದ, ಅಂಡಾಕಾರದ ತುಂಡನ್ನೂ ಕೊಟ್ಟು, "ಇದನ್ನ ಜಾಲರಿಗೆ ಕಟ್ಟಿ ಮೇಡಂ, ಕೊಕ್ಕು ತಿಕ್ಕೋತವೆ, ಸುಣ್ಣದ ಅಂಶನೂ ಸಿಗ್ತದೆ" ಎಂದಿದ್ದ. ಸೀಮೆಸುಣ್ಣದ ಜಾತಿಯ ಯಾವುದೋ ಕಲ್ಲೆಂದು ಎಲ್ಲರೂ ಭಾವಿಸಿದೆವು. ಎರಡು ವರ್ಷ ಹಕ್ಕಿಗಳು ಅದನ್ನು ಕೊರೆದು ತಿಂದವು, ಮೊಟ್ಟೆಯಿಟ್ಟವು, ಮರಿ ಮಾಡಿದವು. ಯಾರಿಗೂ ಯಾವ ದೂರೂ ಇರಲಿಲ್ಲ.

ಒಂದು ಮಧ್ಯಾಹ್ನ, ಬೇರೆ ಕೆಲಸವಿಲ್ಲದೆ, ನಾನು ಆ ಕಲ್ಲಿನ ಪೂರ್ವಾಪರ ವಿಚಾರಿಸಿದೆ. ಎರಡು ಮೂಲಗಳಿಂದ ಖಚಿತಪಡಿಸಿಕೊಂಡೆ. ಊಟಕ್ಕೆ ಕುಳಿತಾಗ, ಮುಖಪುಟದ ಸುದ್ದಿ ಸಿಕ್ಕ ಉತ್ಸಾಹದಲ್ಲಿ ಪ್ರಕಟಿಸಿದೆ: ಅದು ಕಲ್ಲಲ್ಲ, ಕಡಲಿನ ಒಂದು ಪ್ರಾಣಿಯ ಎಲುಬು.

ನಮ್ಮ ಜೊತೆಗೇ ಇರುವ ನನ್ನ ಅತ್ತೆಯವರು, ಅಂದರೆ ವನಜಾಳ ತಾಯಿ, ಮುಳಬಾಗಿಲು ತಾಲ್ಲೂಕಿನ ತಾಯಲೂರಿನವರು. ಮನೆಮಾತು ಕನ್ನಡವಾದರೂ ಸಿಟ್ಟಿಗೆ ತೆಲುಗು ಬಳಸುತ್ತಾರೆ. ಅನ್ನದ ಕೈ ಎಲೆಯ ಮೇಲೆ ನಿಂತಿತು. "ಅಯ್ಯೋ ದೇವುಡಾ! ಎರಡು ವರ್ಷದಿಂದ ಎಲುಬು ಇಟ್ಕೊಂಡು ಪಕ್ಕದಾಗೇ ನನ್ನ ಸಂಡಿಗೆ ಒಣಗ್ಸಿದೀರಾ?" ಎಂದರು. ಊಟ ಮುಗಿಯುವ ಮುನ್ನ ಎಲುಬು ಬೀದಿ ಚರಂಡಿ ಸೇರಿತು. ವನಜಾ ನನ್ನನ್ನು ನೋಡಿ, "ಗೊತ್ತಿದ್ರೂ ಸುಮ್ನಿರೋಕೆ ಏನ್ರೀ ಕಷ್ಟ ನಿಮಗೆ?" ಎಂದಳು. ಸುದ್ದಿ ಸರಿಯಾಗಿತ್ತು ಎಂಬುದು ನನ್ನ ಉತ್ತರ. ಅದನ್ನು ಯಾರೂ ಅಲ್ಲಗಳೆಯಲಿಲ್ಲ ಎಂಬುದು ನನ್ನ ಸಮಾಧಾನ.

ಒಂದೂವರೆ ತಿಂಗಳ ನಂತರ ಪುಟ್ಟಕ್ಕ ಎಂಬ ಹೆಣ್ಣು ಫಿಂಚು ಚಿಪ್ಪಿಲ್ಲದ ಮೊಟ್ಟೆಯಿಟ್ಟಿತು. ಸಣ್ಣ ದ್ರಾಕ್ಷಿಯ ಹಾಗೆ ಮೆತ್ತಗಿತ್ತು, ಮುಟ್ಟಿದರೆ ಒಡೆಯಿತು. ಪುಟ್ಟಕ್ಕ ಗೂಡಿಗೆ ಹೋಗದೆ ನೆಲದ ಮೂಲೆಯಲ್ಲಿ, ಪುಕ್ಕವುಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ ಕುಳಿತಿತು. ವನಜಾ ಹಕ್ಕಿ ಸಾಕುವವರನ್ನು ಕೇಳಿ ತಿಳಿದು ಬಂದಳು: ಸುಣ್ಣದ ಅಂಶ ಸಾಲದು. ಮುಂದಿನ ಸಲ ಇಂಥ ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಂಡರೆ ಪುಟ್ಟಕ್ಕ ಉಳಿಯುವುದಿಲ್ಲ. ಸುಗಟೂರಿನಲ್ಲಿ ಹಸು ಕಟ್ಟಿರುವ ಗೆಳೆಯನೊಬ್ಬ ಧಾರಾಳವಾಗಿ, ತನ್ನ ಸೀಮೆಹಸುವಿಗೆ ಕುಡಿಸುವ ಕ್ಯಾಲ್ಸಿಯಂ ಕ್ಯಾನನ್ನೇ ಕಳಿಸುತ್ತೇನೆಂದ. ಪುಟ್ಟಕ್ಕನ ತೂಕ ಮೂರು ಚಮಚ ಸಕ್ಕರೆಗಿಂತ ಹೆಚ್ಚಿಲ್ಲವೆಂದು ತಿಳಿಸಿ ವಂದನೆ ಹೇಳಿದೆ. ಉಳಿದದ್ದು, ಎಲ್ಲರೂ ಹೇಳಿದ ಅತಿ ಸುಲಭದ ಉಪಾಯ: ಕೋಳಿಮೊಟ್ಟೆಯ ಚಿಪ್ಪು. ಇಡೀ ಊರು ತಿಪ್ಪೆಗೆ ಎಸೆಯುವ ವಸ್ತು ನಮ್ಮ ಮನೆಗೆ ಮಾತ್ರ ದುರ್ಲಭ.

ಹಿಂದಿನ ಬೀದಿಯ ಖಮರ್ ಆಪಾ ಹೊಲಿಗೆ ಕೆಲಸದವರು. ವನಜಾಳ ರವಿಕೆಗಳ ಮೂಲಕ ನಮಗೆ ಪರಿಚಯ. ಅವರ ಬಾಗಿಲಲ್ಲಿ ನಿಂತು ನಾನು ವಿಷಯ ತಿಳಿಸಿದಾಗ ಅವರು ಹೊಲಿಗೆ ಯಂತ್ರ ನಿಲ್ಲಿಸಿ, "ಅರೆ, ಮೊಟ್ಟೆ ಬ್ಯಾಡ, ಖಾಲಿ ಚಿಪ್ಪು ಸಾಕಾ? ನಿಮ್ಮಂಗೆ ಗಿರಾಕಿ ಇದ್ರೆ ನಮ್ಮ ಕೋಳಿಗೆ ಬಹಳ ಬೇಜಾರಾಗ್ತದೆ ಸಾರ್" ಎಂದು ನಕ್ಕರು. ನಾನು ದುಡಿದ ಪತ್ರಿಕೆಯಲ್ಲೇ ಸುತ್ತಿಕೊಟ್ಟರು. ಬರೆದದ್ದು ಕೊನೆಗೂ ಉಪಯೋಗಕ್ಕೆ ಬಂತು.

ಮನೆಯಲ್ಲಿ ಶುದ್ಧೀಕರಣ ಅತ್ತೆಯವರ ಮೇಲ್ವಿಚಾರಣೆಯಲ್ಲಿ ನಡೆಯಿತು. ಪೊಟ್ಟಣ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ, ಒಲೆಯಂತೂ ದೂರದ ಮಾತು. ಮೆಟ್ಟಿಲಲ್ಲೇ ಅರಿಶಿನದ ನೀರು ಮೂರು ಸಲ ಚಿಮುಕಿಸಿ, ಮಹಡಿಯ ಬಿಸಿಲಲ್ಲಿ ಒಣಗಿಸಿ, ಅರ್ಧ ಬಟ್ಟಲಿನಂಥ ಚಿಪ್ಪುಗಳನ್ನು ಹಾಗೇ ಹಕ್ಕಿಮನೆಯಲ್ಲಿಟ್ಟೆವು. ಹಳದಿ ಬಣ್ಣಕ್ಕೆ ತಿರುಗಿದ್ದ ಆ ಚಿಪ್ಪುಗಳು ನೋಡಲು ಮಂಗಳಕರವಾಗಿಯೇ ಇದ್ದವು. ಎಲ್ಲವನ್ನೂ ಎರಡು ಸಲ ವಿಚಾರಿಸುವ ನಾನು, ಇದೊಂದನ್ನು ಒಂದು ಸಲವೂ ವಿಚಾರಿಸಲಿಲ್ಲ. ಮನೆಯ ಶಾಂತಿಯೇ ಸಾಕಷ್ಟು ಪುರಾವೆಯೆನಿಸಿತ್ತು.

ಎರಡನೆಯ ದಿನ ಪರಿಣಾಮ ಹೊರಬಿತ್ತು. ಮೂರು ಹಕ್ಕಿಗಳಿಗೆ ಭೇದಿ. ಅದಕ್ಕಿಂತ ಕೆಟ್ಟದ್ದೆಂದರೆ, ಚಿಪ್ಪು ಕುಕ್ಕಿ ರುಚಿ ಕಂಡಿದ್ದ ಒಂದು ಗಂಡು, ಗೂಡಿಗೆ ಹೋಗಿ ತನ್ನದೇ ಸಂಸಾರದ ಮೊಟ್ಟೆಯೊಂದನ್ನು ತೂತು ಮಾಡಿತ್ತು. ಪುಟ್ಟಕ್ಕ ಚಿಪ್ಪನ್ನು ಮುಟ್ಟಿಯೂ ಇರಲಿಲ್ಲ. ಅಷ್ಟು ದೊಡ್ಡ ಚೂರು ಒಡೆಯುವ ತ್ರಾಣ ಅದಕ್ಕಿರಲಿಲ್ಲ.

ರವಿಕೆ ಕೊಡಲು ಬಂದ ಖಮರ್ ಆಪಾ ಮಹಡಿ ಹತ್ತಿ ನೋಡಿದರು. ಅವರ ತಂದೆ ಪಾರಿವಾಳ ಸಾಕಿದವರಂತೆ.

"ಹಿಂಗೇ ಹಾಕ್ಬಿಟ್ರಾ? ಬೇಯಿಸ್ಲಿಲ್ವಾ?"

"ಅರಿಶಿನದ ನೀರಲ್ಲಿ ತೊಳ್ದಿದೀವಿ," ಎಂದಳು ವನಜಾ, ಸ್ವಲ್ಪ ಮೆಲ್ಲಗೆ.

"ಅಕ್ಕಾ, ಅದು ನಿಮಗೆ ಚೊಕ್ಕ ಆಯ್ತು, ಹಕ್ಕಿಗೆ ಆಗ್ಲಿಲ್ಲ. ಕೋಳಿದು ಗಲೀಜು ಅದ್ರಲ್ಲೇ ಇರ್ತದೆ. ಹತ್ತು ನಿಮಿಷ ಕಳಪಳ ಕುದೀಬೇಕು, ಬಾಣಲಿಯಾಗೆ ಗರಿಗರಿ ಆಗ್ಬೇಕು, ಆಮೇಲೆ ರವೆ ತರ ಕುಟ್ಬೇಕು. ಮೊಟ್ಟೆ ಆಕಾರ ಹಕ್ಕಿ ಕಣ್ಣಿಗೆ ಬೀಳ್ಲೇಬಾರ್ದು. ಬಿದ್ರೆ ಅದ್ರದ್ದು ಅದೇ ತಿಂತದೆ." ಆಮೇಲೆ ಅತ್ತೆಯವರ ಮುಖ ನೋಡಿ, "ನಮ್ಮನೇಲೇ ಬೇಯಿಸಿ ಕೊಡ್ತೀನಿ ಬಿಡಿ ಅಮ್ಮಾ, ನಿಮಗ್ಯಾಕೆ ತೊಂದ್ರೆ?" ಎಂದರು.

ಇದು ಎಲ್ಲರ ಮಾನ ಉಳಿಸುವ ಪ್ರಸ್ತಾಪ. ಒಪ್ಪಿಬಿಡೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯವರು ಪುಟ್ಟಕ್ಕನ ಮೂಲೆಗೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಷ್ಟಪಟ್ಟು ಕುಕ್ಕರುಗಾಲಲ್ಲಿ ಕುಳಿತರು. ನಾಲ್ಕು ಹೆತ್ತವರು. ಆ ಉಬ್ಬಿದ ಪುಕ್ಕವನ್ನೂ ಅರೆಗಣ್ಣನ್ನೂ ಬಹಳ ಹೊತ್ತು ನೋಡಿದರು.

"ಮತ್ತೆ ಮೊಟ್ಟೆ ಇಡ್ತದಾ ಇದು?"

"ಇನ್ನೊಂದೆರಡು ವಾರದಲ್ಲಿ ಇಡಬಹುದು," ಎಂದೆ.

"ಅಂದ್ರೆ ಬಸುರಿ ಅಂತಾನೇ ಲೆಕ್ಕ." ಅವರು ಎದ್ದರು. "ಬಸುರಿ ಬಯಕೆಗೆ ಇಲ್ಲ ಅನ್ಬಾರ್ದು. ಅದಕ್ಕೆ ಬೇಕಾದ್ದನ್ನ ಬೇರೆಯವ್ರ ಮನೇಲಿ ಬೇಯ್ಸಿ ತಂದ್ರೆ ನಮ್ಮನೇಗೇ ಅವಮಾನ. ಏಮ್ಮಾ ವನಜಾ, ಆ ಹಳೇ ಪಾತ್ರೆ ತಗಿ."

ನಾನು ಹಲವು ಸಂಧಾನ ಸಭೆಗಳನ್ನು ವರದಿ ಮಾಡಿದ್ದೇನೆ. ಇಷ್ಟು ಬೇಗ ಒಂದು ಸಂಪ್ರದಾಯ ಇನ್ನೊಂದಕ್ಕೆ ದಾರಿಬಿಟ್ಟದ್ದನ್ನು ಕಂಡಿಲ್ಲ. ನಮ್ಮ ಕಟ್ಟಳೆಗಳನ್ನು ಮುರಿಯಲು ಹೊರಗಿನ ವಾದ ಬೇಕೆಂದು ಇಷ್ಟು ಕಾಲ ನಂಬಿದ್ದೆ. ಆದರೆ ಪಕ್ಕದಲ್ಲೇ ಅದಕ್ಕಿಂತ ಹಿರಿಯ ಕಟ್ಟಳೆಯೊಂದು ತಾಳ್ಮೆಯಿಂದ ಕುಳಿತಿರುತ್ತದೆ; ಯಾರಾದರೂ ಮರುಗಿದಾಗ ಎದ್ದು ಬರುತ್ತದೆ. ನನ್ನ ಖಚಿತ ಮಾಹಿತಿಗೆ ಆ ಎಲುಬನ್ನು ಚರಂಡಿಗೆ ಎಸೆಯಿಸುವ ಶಕ್ತಿಯಿತ್ತು; ಚಿಪ್ಪನ್ನು ಒಲೆಯ ಮೇಲೇರಿಸುವ ಶಕ್ತಿ ಇರಲಿಲ್ಲ.

ಚಿಪ್ಪು ಕುದಿಯಿತು, ಬಾಣಲೆಯಲ್ಲಿ ಗರಿಗರಿಯಾಯಿತು. ಕುಟ್ಟುವ ಕೆಲಸ, ತಪ್ಪಿತಸ್ಥನೆಂಬ ಕಾರಣಕ್ಕೆ, ನನ್ನ ಪಾಲಿಗೆ ಬಂತು. ರವೆಯಂಥ ಚೂರುಗಳನ್ನು ಬೇರೆ ಬಟ್ಟಲಲ್ಲಿಟ್ಟು, ಪುಟ್ಟಕ್ಕನ ಮೂಲೆಗೆ ಒಂದು ಬಲ್ಬಿನ ಬಿಸಿ ಕೊಟ್ಟೆವು. ಸಂಜೆಗೆ ಅದು ಒಂದು ಚೂರು ಕುಕ್ಕಿತು. ಎರಡು ವಾರ ಅತ್ತೆಯವರು ಬೆಳಗಿನ ಕಾಫಿ ಲೋಟ ಹಿಡಿದು ಮಹಡಿ ಹತ್ತಿದರು. ಪುಟ್ಟಕ್ಕ ಗೂಡು ಸೇರಿದ ದಿನ ಕಾಫಿ ಆರಿಹೋಯಿತು. ಮರುದಿನ ಬೆಳಿಗ್ಗೆ ಅವರು ಮೇಲಿಂದಲೇ ಕೂಗಿದರು: "ಅಳಿಯಂದಿರೇ, ಬಂದು ನೋಡ್ರಿ! ಗಟ್ಟಿ ಐತೆ!" ಬಟಾಣಿಯಷ್ಟು ಬಿಳಿ ಮೊಟ್ಟೆ. ನಾನು ಬೆರಳ ತುದಿಯಿಂದ ಮುಟ್ಟಿ ದೃಢಪಡಿಸಿಕೊಂಡೆ. ಪುಟ್ಟಕ್ಕ ನನ್ನ ಬೆರಳನ್ನು ಕುಕ್ಕಿ ಎರಡನೆಯ ಮೂಲವಾಯಿತು.

ಕಳೆದ ಭಾನುವಾರ ಗೌನಿಪಲ್ಲಿಯಿಂದ ಅತ್ತೆಯವರ ತಂಗಿ ಒಂದು ಬುಟ್ಟಿ ಮಾವಿನಹಣ್ಣು ತಂದರು. ಅಕ್ಕನಿಗಿಂತಲೂ ಕಟ್ಟುನಿಟ್ಟಿನವರು. ನಾನು ಹಿತ್ತಿಲಲ್ಲಿ ಕುಟ್ಟುತ್ತಿದ್ದೆ. "ಏನಕ್ಕಾ, ಅಳಿಯನ ಕೈಲಿ ಕುಟ್ಟಿಸ್ತಿದೀಯಾ! ಏನದು?" ಎಂದರು. ಅತ್ತೆಯವರು ನನ್ನತ್ತ ಒಮ್ಮೆ ನೋಡಿ, "ಸಾರಿಗೆ ಮೆಣಸು," ಎಂದರು.

ತಿದ್ದುಪಡಿ ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಜಾಲರಿಯೊಳಗಿಂದ ರಬ್ಬರ್ ಗೊಂಬೆಯ ದನಿ ಕೇಳಿಸಿತು. ಚಿಪ್ಪಿನ ಕುಟ್ಟಾಣಿಯನ್ನು ಮುಚ್ಚಿಟ್ಟು, ಕೈ ತೊಳೆದು, ಅಡುಗೆಮನೆಯ ಕುಟ್ಟಾಣಿ ತೆಗೆದುಕೊಂಡು ವನಜಾಳ ಹತ್ತಿರ ಮೆಣಸು ಕೇಳಿದೆ. ಸುದ್ದಿ ಆಗಲೇ ಹೊರಬಿದ್ದಿತ್ತು; ಅದನ್ನು ನಿಜ ಮಾಡುವುದಷ್ಟೇ ಬಾಕಿ. ಅಂದು ಮಧ್ಯಾಹ್ನ ಸಾರು ಖಾರವಾಗಿತ್ತು, ಎದುರು ಮನೆಯವರು ಸೀನಿದರು.